ಗುಡಿಸದೆ ಉಳಿಸಿದ ಹೆಸರು

ಚಹಾ ಬಗ್ಗಿಸುವಾಗ ಮೊಹಿರಾ ಪಿಯಾಲೆಯ ಮೇಲೆ ಕಣ್ಣಿಡಬೇಕಿತ್ತು. ಆದರೆ ಕಣ್ಣು ಎದುರು ಕೂತವನ ಮುಖದ ಮೇಲಿತ್ತು. ಚಳಿಗಾಲವಿಡೀ ಕಾಣದಿದ್ದ ಮುಖ. ಹಿಮದ ಬಿಸಿಲಿಗೆ ಕಂದಿಹೋಗಿ ಮೂಗಿನ ತುದಿ ಸಿಪ್ಪೆ ಎದ್ದಿತ್ತು, ಕಪ್ಪು ಕನ್ನಡಕ ಕೂರುತ್ತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ನೋಡುತ್ತ ನೋಡುತ್ತ ಆ ಪುಟ್ಟ ಬಟ್ಟಲು ಅಂಚಿನವರೆಗೂ ತುಂಬಿಬಿಟ್ಟಿತು.

ನಮ್ಮ ಖುಜಂದ್ ಪಟ್ಟಣದಲ್ಲಿ ಮಾತು ಬಾರದ ಕೂಸಿಗೂ ಗೊತ್ತಿರುವ ವಿಷಯ ಇದು. ಬೇಕಾದವರಿಗೆ ಒಂದೆರಡು ಗುಟುಕು ಮಾತ್ರ ಸುರಿಯಬೇಕು, ಮತ್ತೆ ಮತ್ತೆ ಸುರಿಯಲು ನೆಪ ಉಳಿಸಿಕೊಳ್ಳಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೊರಡಿ ಎಂದೇ ಅರ್ಥ.

ಸಿಯೋವುಶ್ ಪಿಯಾಲೆಯನ್ನು ನೋಡಿದ, ಅವಳನ್ನು ನೋಡಿದ. ತುಟಿಯವರೆಗೆ ಬಂದ ನಗು ಅಲ್ಲೇ ನಿಂತು ವಾಪಸು ಹೋಯಿತು. ಇಡೀ ಬಟ್ಟಲು ಕುಡಿದು ಕೆಳಗಿಟ್ಟ, ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ಎತ್ತಿಕೊಂಡ.

"ಬರ್ತೀನಿ ಹಾಗಾದ್ರೆ," ಎಂದ. "ನಿಮಗೆ ಕೆಲಸ ಜಾಸ್ತಿ ಇದೆ ಅಂತ ಕಾಣುತ್ತೆ."

ಅವನು ಬಾಗಿಲು ಮುಟ್ಟಿದ ಮೇಲಷ್ಟೇ ಮೊಹಿರಾಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಅಷ್ಟು ದಣಿದಿದ್ದಳು ಅವಳು.

"ಕೂತ್ಕೊಳ್ಳಿ," ಎಂದಳು. "ಕೈ ತಪ್ಪಿ ತುಂಬಿಹೋಯ್ತು."

"ಕೈ ತಪ್ಪಿತೋ, ಮನಸ್ಸೇ ಮಾಡಿಸ್ತೋ?"

"ಕೈಗೆ ನಿದ್ದೆ ಇಲ್ಲ. ಮನಸ್ಸಿನ ವಿಷಯ ಅದಕ್ಕೇನು ಗೊತ್ತು?"

ಅವನು ಕೋಟನ್ನು ಮತ್ತೆ ಕುರ್ಚಿಗೆ ಹಾಕಿದ. ಆದರೆ ಅರ್ಧ ಕುರ್ಚಿಯಲ್ಲಷ್ಟೇ ಕೂತ, ಯಾವಾಗ ಬೇಕಾದರೂ ಏಳುವವರು ಕೂರುವ ಹಾಗೆ.

ಸಿರ್ ನದಿಯ ದಂಡೆಯಲ್ಲಿರುವ ಆ ಪುಟ್ಟ ಕಚೇರಿಯ ಕೆಲಸ ನೀರು ಅಳೆಯುವುದು. ಪ್ರಾಂತ್ಯದ ನದಿಗಳ ಮೇಲೆ ಅಲ್ಲಲ್ಲಿ ಠಾಣ್ಯಗಳಿವೆ. ಅಲ್ಲಿಯವರು ದಿನಾ ಕಚೇರಿಯ ಲಿನಕ್ಸ್ ಸರ್ವರಿಗೆ ಲಾಗಿನ್ ಆಗಿ ನೀರಿನ ಮಟ್ಟ ತುಂಬುತ್ತಾರೆ. ಹತ್ತಿ ಹೊಲಕ್ಕೆಷ್ಟು, ಜರ್ದಾಳು ತೋಟಕ್ಕೆಷ್ಟು ನೀರು ಬಿಡಬೇಕೆಂದು ಅದನ್ನು ನೋಡಿ ತೀರ್ಮಾನವಾಗುತ್ತದೆ. ಆ ಸರ್ವರಿನ ಪಾಲನೆ ಪೋಷಣೆಯೆಲ್ಲ ಮೊಹಿರಾಳದು. ಸಿಯೋವುಶ್ ಇಲ್ಲೇ, ಪಕ್ಕದ ಮೇಜಿನಲ್ಲೇ ಇದ್ದವನು. ಹೋದ ಶರತ್ಕಾಲದಲ್ಲಿ ಝರಫ್ಶಾನ್ ಕಣಿವೆಯ ಮೇಲ್ತುದಿಯ ಹಿಮನದಿ ಠಾಣ್ಯಕ್ಕೆ ಹೋದ. ಹಿಮ ಬಿದ್ದರೆ ಕಣಿವೆಯ ದಾರಿ ಮುಚ್ಚುತ್ತದೆ. ಅಲ್ಲಿ ಫೋನಿಲ್ಲ. ರೇಡಿಯೋ ಇದೆ, ಆದರೆ ಅದರಲ್ಲಿ ಮಾತಾಡಿದರೆ ಎಲ್ಲ ಠಾಣ್ಯದ ಗಂಡಸರೂ ಕಿವಿ ನಿಮಿರಿಸಿ ಕೇಳುತ್ತಾರೆ. ಉಳಿದದ್ದು ಉಪಗ್ರಹದ ಸಂಪರ್ಕ ಒಂದೇ. ಅದೋ, ಬಂದೆ ಎನ್ನುವಷ್ಟರಲ್ಲಿ ಹೋಗಿರುತ್ತದೆ.

ಇಬ್ಬರ ನಡುವೆ ಏನಾದರೂ ಇತ್ತೇ ಎಂದರೆ, ಬಾಯಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಅವಳು ಕೆಮ್ಮಿದರೆ ಅವನು ಕಿಟಕಿ ಮುಚ್ಚುತ್ತಿದ್ದ. ಅವನ ಪಾಲಿನ ಸಂಬೂಸಾವನ್ನು ಅವಳು ಮುಚ್ಚಿಡುತ್ತಿದ್ದಳು. ಅಷ್ಟೇ. ಆ ಅಷ್ಟರಲ್ಲೇ ಅವಳು ಒಂದು ಚಳಿಗಾಲವನ್ನು ದಾಟಿಸಿದ್ದಳು. ಇಸ್ತರಾವ್ಶಾನ್‌ನಿಂದ ಒಂದು ಒಳ್ಳೆಯ ಮನೆತನದವರು ಬಂದು, ಹಿರಿಯರು ಕೂತು ರೊಟ್ಟಿ ಮುರಿದು ನಿಶ್ಚಯ ಮಾಡಿಬಿಡೋಣ ಎಂದು ಅವಳ ಅಮ್ಮನನ್ನು ಕೇಳಿದ್ದರು. ಸರ್ವರ್ ಕೆಟ್ಟಿದೆ, ಈಗ ಆಗುವುದಿಲ್ಲ ಎಂದಿದ್ದಳು ಮೊಹಿರಾ. ಮಗಳ ಮದುವೆಗೂ ಕೆಟ್ಟ ಯಂತ್ರಕ್ಕೂ ಏನು ನಂಟು ಎಂದು ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ.

ಸರ್ವರ್ ಕೆಟ್ಟಿದ್ದಂತೂ ನಿಜ. ಹೆಸರು, ಪಾಸ್‌ವರ್ಡ್ ಕೊಟ್ಟ ಮೇಲೆ ಅದು ಸುಮ್ಮನೆ ಕೂತುಬಿಡುತ್ತಿತ್ತು. ಜನ ಚಹಾ ಕುಡಿದು, ಹಲ್ಲಿನ ಸಂದಿ ಕೆದಕಿ, ಆಕಳಿಸಿ ಮುಗಿಸಿದರೂ ಒಳಗೆ ಬಿಡುತ್ತಿರಲಿಲ್ಲ. ವಸಂತ ಬಂದು ಹಿಮ ಕರಗುವ ಹೊತ್ತಿಗೆ ಕಾಯುವುದು ಇನ್ನೂ ಉದ್ದವಾಯಿತು. ಎಲ್ಲರೂ ರಯೀಸ್ ಎಂದೇ ಕರೆಯುವ ಮುಖ್ಯಸ್ಥ ಹೊಶಿಮ್ ದಿನಾ ಬಾಗಿಲಲ್ಲಿ ನಿಂತು ಒಂದೇ ಪಾಠ ಒಪ್ಪಿಸುತ್ತಿದ್ದರು. ಒಂದ್ ಸಲ ಆಫ್ ಮಾಡಿ ಆನ್ ಮಾಡಮ್ಮ, ನಮ್ಮನೆ ಟೀವಿ ಹಾಗೇ ಸರಿಹೋಗುತ್ತೆ. ಮೊಹಿರಾ ಕೇಬಲ್ ಬದಲಾಯಿಸಿದಳು, ಡಿಸ್ಕ್ ಪರೀಕ್ಷಿಸಿದಳು, ನೆಟ್‌ವರ್ಕ್ ಬಿಚ್ಚಿ ಮತ್ತೆ ಕಟ್ಟಿದಳು. ಆಫ್ ಮಾತ್ರ ಮಾಡಲಿಲ್ಲ. ನೀರಿನ ಅಳತೆ ನಿಲ್ಲಬಾರದು ಅಂತ ನೀವೇ ಅಲ್ವಾ ರಯೀಸ್ ಹೇಳಿದ್ದು, ಎನ್ನುತ್ತಿದ್ದಳು. ಚಳಿಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ತಾನೇ ಓಡಿಹೋಗಿ ಜನರೇಟರಿಗೆ ಡೀಸೆಲ್ ಸುರಿದಿದ್ದಳು. ಎಂಥ ನಿಷ್ಠೆಯ ಹುಡುಗಿ ಎಂದು ಕಚೇರಿಯೆಲ್ಲ ಹೊಗಳಿತು. ಪ್ರೀತಿಗೆ ಕರ್ತವ್ಯದ ಕೋಟು ತೊಡಿಸಿಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ.

ಇವತ್ತು ರಯೀಸ್‌ಗೆ ತಾಳ್ಮೆ ಮುಗಿದಿತ್ತು. ಸಂಜೆಯೊಳಗೆ ಸರಿಮಾಡು, ಇಲ್ಲ ಆಫ್ ಮಾಡು, ಎರಡೂ ಆಗದಿದ್ದರೆ ರಾಜಧಾನಿ ದುಶಾನ್ಬೆಯಿಂದ ಜನ ಕರೆಸುತ್ತೇನೆ ಎಂದು ಹೇಳಿ ಹೋಗಿದ್ದರು. ಅದೇ ದಿನ ಬೆಟ್ಟದಿಂದ ಮೊದಲ ಜೀಪು ಇಳಿದಿತ್ತು, ಜೀಪಿನಿಂದ ಸಿಯೋವುಶ್ ಇಳಿದಿದ್ದ.

"ಎಷ್ಟು ದಿನ ಇರ್ತೀರಿ?" ಎಂದು ಕೇಳಿದಳು. ಈ ಸಲ ಒಂದೇ ಗುಟುಕು ಸುರಿದಳು.

"ನಾಳೆ ದುಶಾನ್ಬೆಗೆ. ಮುರ್ಗಾಬ್ ಠಾಣ್ಯ ಖಾಲಿ ಇದೆಯಂತೆ, ಬರ್ತೀರಾ ಅಂದ್ರು. ಬರ್ತೀನಿ ಅಂದಿದ್ದೀನಿ. ಸಹಿ ಮಾಡೋದೊಂದು ಬಾಕಿ."

ಮುರ್ಗಾಬ್ ಎಂದರೆ ಪಾಮೀರದ ಆ ತುದಿ. ಅಲ್ಲಿಗೆ ಹೋದವರು ವರ್ಷಗಟ್ಟಲೆ ಬರುವುದಿಲ್ಲ, ಬಂದರೂ ಬೇರೆಯವರಾಗಿ ಬರುತ್ತಾರೆ. ಮೊಹಿರಾ ಕೆಟಲಿನ ಮುಚ್ಚಳ ತೆಗೆದು ಒಳಗೆ ನೋಡಿದಳು, ಅಲ್ಲೇನೋ ಇರುವ ಹಾಗೆ. ಅಳುವುದಕ್ಕೂ ತ್ರಾಣ ಬೇಕಲ್ಲ, ಅದು ಅವಳಲ್ಲಿ ಇರಲಿಲ್ಲ.

"ಒಳ್ಳೇದು," ಎಂದಳು. "ಅಲ್ಲಾದ್ರೂ ನಿಮಗೆ ಮಾತಾಡೋರು ಸಿಗಲಿ. ಇಲ್ಲಂತೂ ದಿನಾ ಒಳಗೆ ಬರ್ತಿದ್ರಿ. ಒಂದು ಸಾಲು ಬರೆಯೋಕೆ ಕೈ ನೋವಿತ್ತಾ?"

"ಯಾರು ಬರ್ತಿದ್ದಿದ್ದು?"

"ನೀವು. ಬೆಳಿಗ್ಗೆ ಬಂದ ತಕ್ಷಣ ನಾನು ನೋಡೋದೇ ಅದನ್ನ, ಯಾರ್‍ಯಾರು ಲಾಗಿನ್ ಆಗಿದ್ದಾರೆ ಅಂತ. ನಿಮ್ಮ ಹೆಸರು ಇಲ್ಲದ ದಿನ ಇಲ್ಲ."

ಅದು ಅವಳ ಚಳಿಗಾಲದ ಗುಟ್ಟು. ಕೋಟು ಕಳಚುವ ಮೊದಲೇ ಆ ಪಟ್ಟಿ ತೆರೆಯುತ್ತಿದ್ದಳು. ಹೆಸರುಗಳು ಒಂದೊಂದೇ ಸಲ ಬರುವಂತೆ ತಾನೇ ಮಾಡಿಕೊಂಡ ಚಿಕ್ಕ ಪಟ್ಟಿ. ಅವನ ಹೆಸರು ಕಂಡರೆ ಇದ್ದಾನೆ ಎಂದುಕೊಂಡು ಚಹಾ ಕುಡಿಯುತ್ತಿದ್ದಳು. ಒಳಗೆ ಬಂದೂ ಮಾತಾಡಿಸದೆ ಹೋಗುತ್ತಾನಲ್ಲ ಎಂಬ ಸಂಕಟವನ್ನೂ ಅದೇ ಚಹಾದ ಜೊತೆ ನುಂಗುತ್ತಿದ್ದಳು.

ಸಿಯೋವುಶ್ ಅವಳನ್ನೇ ನೋಡಿದ. ಹುಬ್ಬು ಗಂಟಿಕ್ಕಿತು.

"ಮೊಹಿರಾ, ನನಗೆ ಒಳಗೆ ಬರೋಕೆ ಆಗ್ಲೇ ಇಲ್ಲ. ಪಾಸ್‌ವರ್ಡ್ ಕೊಡ್ತೀನಿ, ನಿಮ್ಮ ಸರ್ವರ್ ಸುಮ್ನೆ ಕೂರುತ್ತೆ. ಅದು ಬಾಗಿಲು ತೆಗೆಯೋ ಹೊತ್ತಿಗೆ ಉಪಗ್ರಹ ಬೆಟ್ಟದಾಚೆ ಹೋಗಿರುತ್ತೆ. ಮತ್ತೆ ಪ್ರಯತ್ನ, ಮತ್ತೆ ಅದೇ. ಅಳತೆನೆಲ್ಲ ರೇಡಿಯೋದಲ್ಲೇ ಕೂಗಿ ಕೂಗಿ ಗಂಟಲು ಹೋಯ್ತು. ನಿಮಗೆ ಅಂತ ಒಂದು ಸಾಲು ಟೈಪ್ ಮಾಡಿ ಇಟ್ಕೊಂಡೇ ಕೂರ್ತಿದ್ದೆ. ಬಾಗಿಲು ತೆಗೆದ ಕೂಡಲೇ ಕಳಿಸೋಣ ಅಂತ."

"ಏನಂತ?"

"'ಇಲ್ಲಿ ಹಿಮ ಬಿದ್ದಿದೆ. ನಿಮ್ಮದು ಊಟ ಆಯ್ತಾ?' ಅಷ್ಟೇ."

ಮೊಹಿರಾಳ ತಲೆಯಲ್ಲಿ ಒಂದೊಂದೇ ತುಂಡು ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಅವನು ಬಂದೇ ಇಲ್ಲ. ಹೆಸರು ಮಾತ್ರ ದಿನಾ ಇತ್ತು. ಹಾಗಾದರೆ ತಾನು ಇಷ್ಟು ದಿನ ಚಹಾ ಕುಡಿದದ್ದು ಯಾರ ಜೊತೆ? ಉತ್ತರ ಹೊಳೆಯಿತು.

"ಬಿಡಿ," ಎಂದು ಎದ್ದಳು. "ರಯೀಸ್ ಹೇಳಿದ್ದೇ ಸರಿ. ಒಂದ್ ಸಲ ಆಫ್ ಮಾಡಿ ಆನ್ ಮಾಡಿಬಿಡ್ತೀನಿ."

ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತಿತ್ತು. ಕುರುಹು ಉಳಿಯುತ್ತಿರಲಿಲ್ಲ. ಯಾರಿಗೂ, ಮುಖ್ಯವಾಗಿ ಇವನಿಗೆ, ಗೊತ್ತಾಗುತ್ತಿರಲಿಲ್ಲ. ಇವನು ಮುರ್ಗಾಬ್‌ಗೆ ಹೋಗುತ್ತಿದ್ದ, ಅವಳ ಮಾನ ಉಳಿಯುತ್ತಿತ್ತು.

ಸಿಯೋವುಶ್ ಸರ್ವರಿನ ಗುಂಡಿಯ ಮುಂದೆ ಕೈ ಅಡ್ಡ ಹಿಡಿದ.

"ಈ ಮಾತು ನಿಮ್ಮ ಬಾಯಲ್ಲಾ? ಯಾಕೆ ಕೆಟ್ಟಿದೆ ಅಂತ ನೋಡದೆ ಆಫ್ ಮಾಡೋನು ಕೆಲಸಗಾರನೇ ಅಲ್ಲ ಅಂತ ನನ್ನ ಬೆರಳಿಗೆ ಸ್ಕೇಲಲ್ಲಿ ಹೊಡೆದಿದ್ದು ಯಾರು?"

"ಆಗ ನನಗೆ ತ್ರಾಣ ಇತ್ತು."

"ಈಗ ನನಗಿದೆ. ಕೂತ್ಕೊಳ್ಳಿ, ನಾನು ನೋಡ್ತೀನಿ."

ಅವನು ತನ್ನ ಹಳೆಯ ಮೇಜಿಗೆ ಹೋಗಿ ಕೂತ. ಈ ಸಲ ಪೂರ್ತಿ ಕುರ್ಚಿಯಲ್ಲಿ. ಬೇಡ ಎನ್ನಲು ಮೊಹಿರಾಳಿಗೆ ಇನ್ನೂ ಸಮಯವಿತ್ತು. ಸರ್ವರ್ ಅವನಿಗೆ ಇನ್ನೂ ಬಾಗಿಲು ತೆರೆದಿರಲಿಲ್ಲ. ಅವನ ಬೆನ್ನು ನೋಡಿದಳು. ಕೋಟಿಲ್ಲದ ಬೆನ್ನು ಮೊದಲಿಗಿಂತ ಸಣ್ಣಗಾಗಿತ್ತು, ಸ್ವೆಟರಿನ ಮೊಣಕೈ ಹರಿದಿತ್ತು. ಈ ಸ್ವೆಟರ್ ಹಾಕಿಕೊಂಡು ಈ ಮನುಷ್ಯ ಹಿಮದಲ್ಲಿ ಕೂತು, ಊಟ ಆಯ್ತಾ ಎಂದು ಕೇಳಲು ಇಡೀ ಚಳಿಗಾಲ ಕಾದಿದ್ದಾನೆ. ಸುಳ್ಳು ಹೇಳುವುದಕ್ಕೂ ಬೇಸರ ಬಂತು ಅವಳಿಗೆ.

"ಲಾಗಿನ್ ಸೆಷನ್ ಫೈಲುಗಳು ಇರೋ ಫೋಲ್ಡರ್ ನೋಡಿ," ಎಂದಳು. "ಬೇರೆಲ್ಲ ಕಡೆ ನಾನು ಹುಡುಕಿದ್ದೀನಿ. ಅಲ್ಲಿ ಮಾತ್ರ ಹುಡುಕಿಲ್ಲ."

ಯಾರೇ ಪಾಸ್‌ವರ್ಡ್ ಕೊಟ್ಟರೂ, ಒಳಗೆ ಬಿಡುವ ಮೊದಲೇ ಸರ್ವರ್ ಅವರ ಹೆಸರಿಗೊಂದು ಪುಟ್ಟ ಫೈಲ್ ಬರೆದಿಟ್ಟುಕೊಳ್ಳುತ್ತದೆ, ಹೋದ ಮೇಲೆ ಅಳಿಸುತ್ತದೆ. ನಡುವೆಯೇ ಸಂಪರ್ಕ ಕಡಿದರೆ ಕೆಲವು ಸಲ ಅದಕ್ಕೆ ಅಳಿಸಲು ನೆನಪಾಗುವುದಿಲ್ಲ. ಆಗ ಮನುಷ್ಯ ಹೋಗಿಯೂ ಫೈಲ್ ಉಳಿಯುತ್ತದೆ. ಇಂಥ ಕಸವನ್ನು ದಿನಾ ಮುಂಜಾನೆ ಗುಡಿಸಲೆಂದೇ ಮೊಹಿರಾ ಒಂದು ಸ್ಕ್ರಿಪ್ಟ್ ಬರೆದಿದ್ದಳು. ಹಾಗಾಗಿ ಅಲ್ಲಿ ಕಸ ಇರಲಿಕ್ಕೇ ಸಾಧ್ಯವಿಲ್ಲ ಎಂದು ಕಚೇರಿಯೆಲ್ಲ ನಂಬಿತ್ತು.

ಕೊನೆಗೂ ಬಾಗಿಲು ತೆರೆಯಿತು. ಸಿಯೋವುಶ್ ಫೋಲ್ಡರ್ ತೆರೆದ. ಪರದೆ ತುಂಬಿತು, ಉರುಳಿತು, ಉರುಳುತ್ತಲೇ ಹೋಯಿತು. ಅವನ ಹೆಸರು, ಅವನ ಹೆಸರು, ಮತ್ತೆ ಅವನದೇ ಹೆಸರು. ಸಾವಿರಾರು. ಯಾರೇ ಹೊಸಬರು ಬಾಗಿಲು ತಟ್ಟಿದರೂ ಸರ್ವರ್ ಪಾಪ ಇಷ್ಟನ್ನೂ ಒಂದೊಂದಾಗಿ ತಿರುವಿ ನೋಡಿ ಆಮೇಲೆ ಒಳಗೆ ಬಿಡುತ್ತಿತ್ತು.

"ಇದೆಲ್ಲ ನಾನೇನಾ?" ಎಂದ.

"ನೀವೇ."

"ಬೇರೆಯವರದ್ದೆಲ್ಲ ಗುಡಿಸಿ ಹೋಗಿದೆ. ನಂದು ಒಂದೂ ಹೋಗಿಲ್ಲ."

"ಹೂಂ."

ಅವನು ಸ್ಕ್ರಿಪ್ಟ್ ತೆರೆದ. ಮೊಹಿರಾ ಕಿಟಕಿಯಾಚೆ ನದಿ ನೋಡಿದಳು. ನೋಡದಿದ್ದರೂ ಅವನು ಯಾವ ಸಾಲಿಗೆ ಬಂದಿದ್ದಾನೆಂದು ಗೊತ್ತಾಗುತ್ತಿತ್ತು, ಕೀಲಿಗಳ ಸದ್ದು ನಿಂತಿತ್ತು. ಇವನ ಹೆಸರನ್ನು ಮಾತ್ರ ಮುಟ್ಟಬೇಡ ಎಂಬ ಒಂದೇ ಒಂದು ಸಾಲು ಅಲ್ಲಿತ್ತು. ಅದನ್ನು ಬರೆದ ದಿನಾಂಕ ಅವನು ಬೆಟ್ಟಕ್ಕೆ ಹೊರಟ ದಿನದ್ದು.

ಸಿಯೋವುಶ್ ಕುರ್ಚಿಯಲ್ಲೇ ಅವಳ ಕಡೆ ತಿರುಗಿದ.

"ಯಾಕೆ?" ಎಂದ. ಬೈಯುವ ದನಿಯಲ್ಲ ಅದು.

"ಅವತ್ತು ಜೀಪಿನವನು ಹಾರ್ನ್ ಹೊಡೆದ. ನೀವು ಲಾಗ್ ಔಟ್ ಮಾಡದೆ ಹಾಗೇ ಎದ್ದು ಓಡಿದ್ರಿ. ಕಚೇರಿ ಗುಡಿಸೋಕೆ ಸನವ್ಬರ್ ಚಿಕ್ಕಮ್ಮ ಪೊರಕೆ ಹಿಡ್ಕೊಂಡು ಬಂದ್ರು. ಹೋದವರ ಬೆನ್ನಿಗೇ ಗುಡಿಸಿದ್ರೆ ಅವರು ವಾಪಸ್ ಬರಲ್ಲ ಅಂತ ಪೊರಕೆನ ಮೂಲೇಲಿ ಇಟ್ಟುಬಿಟ್ರು." ಅವಳ ದನಿ ದಣಿವಿನಿಂದ ಸಪಾಟಾಗಿತ್ತು, ಅದಕ್ಕೇ ನಡುಗಲಿಲ್ಲ. "ನನ್ನ ಸ್ಕ್ರಿಪ್ಟೂ ಗುಡಿಸೋದೇ ತಾನೆ. ಬೆಳಿಗ್ಗೆ ನಿಮ್ಮ ಹೆಸರು ಗುಡಿಸಿಹಾಕಿಬಿಡುತ್ತೆ ಅನ್ನಿಸ್ತು. ಒಂದು ಸಾಲು ಹಾಕಿದೆ. ಆ ಒಂದು ಫೈಲ್ ಉಳೀಲಿ ಅಂತ. ಬೆಳಿಗ್ಗೆ ನಾನು ನೋಡೋ ಪಟ್ಟಿ ಅದೇ ಫೈಲುಗಳಿಂದ ಬರುತ್ತೆ ಅನ್ನೋದು ತಲೆಗೇ ಹೋಗಲಿಲ್ಲ. ನೀವು ಬೆಟ್ಟದ ಮೇಲಿಂದ ಇಷ್ಟು ಸಲ ಬಾಗಿಲು ತಟ್ಟಿ ತಟ್ಟಿ ವಾಪಸ್ ಹೋಗ್ತೀರಿ, ತಟ್ಟಿದ್ದೆಲ್ಲ ಫೈಲಾಗಿ ಉಳಿಯುತ್ತೆ ಅಂತ ನನಗೇನು ಗೊತ್ತಿತ್ತು? ನೀವು ವಾಪಸ್ ಬರಲಿ ಅಂತ ಮಾಡಿದ್ದು. ನಿಮ್ಮನ್ನೇ ಹೊರಗೆ ನಿಲ್ಲಿಸಿಬಿಟ್ಟೆ."

ಹೇಳಿ ಮುಗಿಸಿ ಮೇಜಿಗೆ ಹಣೆ ಆನಿಸಿದಳು. ನಾಚಿಕೆ ಆಗಬೇಕಿತ್ತು. ಆದದ್ದು ಹೊತ್ತ ಮೂಟೆ ಇಳಿಸಿದಂಥ ಸುಸ್ತು.

ಕುರ್ಚಿ ಎಳೆದ ಸದ್ದಾಯಿತು. ಸಿಯೋವುಶ್ ಅವಳ ಮೇಜಿನ ಪಕ್ಕಕ್ಕೇ ಬಂದು ಕೂತ.

"ಆಫ್ ಮಾಡದೆ ಇದ್ದಿದ್ದೂ ಇದಕ್ಕೇನಾ? ಜನರೇಟರಿಗೆ ಡೀಸೆಲ್ ಸುರಿದಿದ್ದು?"

ಹಣೆ ಎತ್ತದೆಯೇ ಹೌದೆಂದಳು.

"ನೀವು ಯಾರ ಜೊತೆಗೋ ರೊಟ್ಟಿ ಮುರಿಸೋಕೆ ಒಪ್ಪಿದ್ದೀರಿ ಅಂದ್ಕೊಂಡಿದ್ದೆ," ಎಂದ. "ರೇಡಿಯೋದಲ್ಲಿ ಕೇಳಿದೆ, ಇಸ್ತರಾವ್ಶಾನ್‌ನವರು ಬಂದಿದ್ರು ಅಂತ. ಬಂದಿದ್ರು ಅಂತ ಹೇಳಿದ್ರು, ಏನಾಯ್ತು ಅಂತ ಹೇಳಲಿಲ್ಲ ಹಾಳು ಜನ. ಈ ಕಡೆ ನೋಡಿದ್ರೆ ನಿಮ್ಮ ಬಾಗಿಲು ತೆಗೆಯೋದೇ ಇಲ್ಲ. ಇನ್ನೇನು ಇಲ್ಲಿ ಅಂತ ಮುರ್ಗಾಬ್‌ಗೆ ಹೂಂ ಅಂದೆ."

"ಸರ್ವರ್ ಕೆಟ್ಟಿದೆ ಅಂತ ಹೇಳಿ ಕಳಿಸಿದೆ ಅವರನ್ನ."

ಸಿಯೋವುಶ್ ನಕ್ಕುಬಿಟ್ಟ. ಗಂಟಲು ಹೋದವನ ನಗು, ಅರ್ಧ ಗಾಳಿ, ಅರ್ಧ ಕೆಮ್ಮು. ಆ ನಗು ಕೇಳಿ ಮೊಹಿರಾ ತಲೆ ಎತ್ತಿದಳು. ಅವಳ ಹಣೆಯ ಮೇಲೆ ಮೇಜಿನ ಅಂಚಿನ ಗೆರೆ ಮೂಡಿತ್ತು. ಅವನು ಆ ಗೆರೆಯನ್ನು ಒಮ್ಮೆ ನೋಡಿದ, ಕಣ್ಣು ನೋಡಿದ, ಮತ್ತೆ ಗೆರೆ ನೋಡಿದ, ಮುಟ್ಟಬೇಕೆನಿಸಿದ ಕೈಯನ್ನು ಕೀಬೋರ್ಡ್ ಕಡೆ ತಳ್ಳಿದ. ಕೀಬೋರ್ಡನ್ನು ಅವಳ ಮುಂದೆ ಸರಿಸಿದ.

"ಆ ಸಾಲು ಅಳಿಸಿ. ಎಲ್ಲ ಗುಡಿಸಿ."

"ಮೊದಲನೇ ದಿನದ್ದೂನಾ?"

"ಅದೂನೂ. ನಾನೇ ಇಲ್ಲಿದ್ದೀನಲ್ಲ."

ಅವಳು ಸಾಲು ಅಳಿಸಿದಳು. ಬೆರಳು ಒಂದು ಕ್ಷಣ ತಡೆಯಿತು, ಅಭ್ಯಾಸ ನೋಡಿ. ಆಮೇಲೆ ಸ್ಕ್ರಿಪ್ಟ್ ಓಡಿಸಿದಳು. ಒಂದು ಚಳಿಗಾಲ ಪೂರ್ತಿ ಅವಳು ಕಾಪಾಡಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಲಾಗಿನ್ ನೋಡಿಕೊಳ್ಳುವ ಸೇವೆಯನ್ನಷ್ಟೇ ಮತ್ತೆ ಶುರು ಮಾಡಿದಳು, ಇಡೀ ಯಂತ್ರವನ್ನು ಮುಟ್ಟಲಿಲ್ಲ. ಸಿಯೋವುಶ್ ಪಕ್ಕದ ಮೇಜಿನಿಂದ ಹೊಸದಾಗಿ ಲಾಗಿನ್ ಆದ. ಪಾಸ್‌ವರ್ಡ್ ಒತ್ತಿ ಅಭ್ಯಾಸಬಲದಿಂದ ಕೈಕಟ್ಟಿ ಹಿಂದೆ ಒರಗುವ ಮೊದಲೇ ಒಳಗಿದ್ದ.

"ಇಷ್ಟೇನಾ?" ಎಂದ. "ಇಷ್ಟಕ್ಕಾ ನಾನು ಅಲ್ಲಿ ದೇವರನ್ನೆಲ್ಲ ಬೈದಿದ್ದು?"

ಅವಳ ಪರದೆಯ ಮೇಲೆ ಒಂದು ಸಾಲು ಮೂಡಿತು. ಇಲ್ಲಿ ಹಿಮ ಇಲ್ಲ. ನಿಮ್ಮದು ಊಟ ಆಯ್ತಾ?

ಮೊಹಿರಾ ಓದಿದಳು. ಆಗಿಲ್ಲ ಎಂದು ಬರೆದು ಕಳಿಸಿದಳು. ಆಗ ಬಂತು ಅಳು, ಇಷ್ಟು ತಡವಾಗಿ, ಸದ್ದಿಲ್ಲದೆ. ಅವನು ಅದನ್ನು ನೋಡದವನಂತೆ ಕಿಟಕಿ ಮುಚ್ಚಲು ಎದ್ದುಹೋದ.

ಅಷ್ಟರಲ್ಲಿ ಕಚೇರಿಯ ಚಹಾ ಮತ್ತು ಕಸ ಎರಡನ್ನೂ ನೋಡಿಕೊಳ್ಳುವ ಸನವ್ಬರ್ ಚಿಕ್ಕಮ್ಮ ಒಳಗೆ ಬಂದರು. ಹೋದವನು ಬಂದಿದ್ದಾನೆ, ಬಂದವನಿಗೆ ಕೊಡಬೇಕಾದ್ದು ಕೊಟ್ಟಿಲ್ಲ, ಎಂಥ ಹುಡುಗಿಯಮ್ಮ ನೀನು ಎಂದು ಗೊಣಗುತ್ತ ಕುರ್ಚಿ ಹತ್ತಿ, ಸರ್ವರ್ ಕಪಾಟಿನ ಮೇಲಿನ ಮೊಳೆಯಿಂದ ಬಟ್ಟೆಯ ಗಂಟೊಂದನ್ನು ಇಳಿಸಿದರು. ಒಳಗಿದ್ದದ್ದು ರೊಟ್ಟಿ. ದೂರ ಹೊರಟವರು ಒಂದು ಕಚ್ಚು ಕಚ್ಚಿ ಬಿಟ್ಟುಹೋಗುವ, ವಾಪಸು ಬಂದು ತಾವೇ ತಿಂದು ಮುಗಿಸಬೇಕಾದ ರೊಟ್ಟಿ. ಅಂಚಿನಲ್ಲಿ ಅವನ ಹಲ್ಲಿನ ಗುರುತು ಹಾಗೇ ಇತ್ತು. ಯಂತ್ರದ ಬಿಸಿಗಾಳಿಗೆ ಅದು ಒಣಗಿ ಹಲಗೆಯಂತಾಗಿತ್ತು.

ಚಿಕ್ಕಮ್ಮ ಅದನ್ನು ಅವನ ಕೈಗಿಟ್ಟು, ಮೊಹಿರಾಳ ಒದ್ದೆ ಕಣ್ಣು ನೋಡಿ, ಏನೂ ಕೇಳದೆ ಹೊರಗೆ ಹೋದರು. ಬಾಗಿಲು ಅರ್ಧ ತೆರೆದೇ ಬಿಟ್ಟರು, ಊರಿನ ಬಾಯಿಗೆ ಹೆದರಿ.

ಸಿಯೋವುಶ್ ರೊಟ್ಟಿಯನ್ನು ಹಲ್ಲಿಗಿಟ್ಟು ನೋಡಿದ, ಆಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮುರಿಯಲು ಹೋದವನು ಯಾಕೋ ನಿಲ್ಲಿಸಿದ. ಮತ್ತೆ ಬಟ್ಟೆಯಲ್ಲಿ ಸುತ್ತಿದ.

"ನಾಳೆ ದುಶಾನ್ಬೆಗೆ ಫೋನ್ ಮಾಡಿ ಮುರ್ಗಾಬ್ ಬೇಡ ಅಂತೀನಿ," ಎಂದ. "ಆದ್ರೆ ಬೇಸಿಗೆ ಪೂರ್ತಿ ನಮ್ಮ ಬೆಟ್ಟಕ್ಕೆ ಹೋಗಲೇಬೇಕು, ನೀರು ಬರೋ ಕಾಲ."

"ಗೊತ್ತು."

"ಈ ರೊಟ್ಟಿ ನನ್ನೊಬ್ಬನಿಂದ ಮುರಿಯೋಕಾಗಲ್ಲ. ಹಿರಿಯರ ಕೈಯೇ ಬೇಕು ಅನ್ನಿಸುತ್ತೆ." ಅವನು ಗಂಟನ್ನು ನೋಡುತ್ತಲೇ ಹೇಳಿದ, ಕಿವಿಯ ತುದಿ ಕೆಂಪಾಗಿತ್ತು. "ನಿಮ್ಮಮ್ಮ ಇವತ್ತು ಸಂಜೆ ಮನೇಲಿರ್ತಾರಾ?"

ಇರುತ್ತಾರೆ, ಎಲ್ಲಿಗೆ ಹೋಗುತ್ತಾರೆ ಅಮ್ಮ, ಎಂದುಕೊಂಡಳು ಮೊಹಿರಾ. ಸರ್ವರ್ ಸರಿಹೋಯಿತು ಎಂದು ಅವರಿಗೆ ಹೇಳಿದರೆ ಸಾಕು, ಉಳಿದದ್ದು ಈ ಸಲವಾದರೂ ಅವರಿಗೆ ಅರ್ಥವಾಗುತ್ತದೆ. ಕಾರಿಡಾರಿನಲ್ಲಿ ರಯೀಸ್ ಯಾರಿಗೋ ಜೋರಾಗಿ ಹೇಳುತ್ತಿದ್ದರು, ನೋಡು, ಥಟ್ಟಂತ ಓಪನ್ ಆಗ್ತಿದೆ, ಆಫ್ ಮಾಡು ಅಂತ ನಾನು ಹೇಳಿದ್ದೇ ಒಳ್ಳೇದಾಯ್ತು.

ಅವಳು ಕೆಟಲು ತೆಗೆದುಕೊಂಡಳು. ಕೈ ಇನ್ನೂ ದಣಿದೇ ಇತ್ತು, ಆದರೂ ಈ ಸಲ ಪಿಯಾಲೆಯನ್ನೇ ನೋಡುತ್ತ ಬಗ್ಗಿಸಿದಳು. ತಳ ಮುಚ್ಚುವಷ್ಟು ಮಾತ್ರ.

ಸಿಯೋವುಶ್ ಅದನ್ನು ನೋಡಿದ. ಒಂದೇ ಗುಟುಕಿಗೆ ಕುಡಿದು ಬಟ್ಟಲು ಮುಂದೆ ಚಾಚಿದ. ಅವಳು ಮತ್ತೆ ಅಷ್ಟೇ ಸುರಿದಳು.